ಟರ್ಬೊ ಎಂಜಿನ್ನಿಗೆ ತಕ್ಕ ಕ್ಯಾಮ್‌ಶಾಫ್ಟ್

ನನ್ನ ತಂದೆಯವರು ಕುಮಟೆಯ ಗ್ಯಾರೇಜೊಂದರಲ್ಲಿ ಎಂಜಿನ್ ಬಿಚ್ಚಿ ಕಟ್ಟುವವರು. ಅವರಿಂದ ಕಲಿತ ಒಂದು ವಿಷಯವನ್ನು ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ವಾಲ್ವುಗಳು ಯಾವಾಗ, ಎಷ್ಟು ತೆರೆಯಬೇಕೆಂಬುದನ್ನು ನಿರ್ಧರಿಸುವುದು ಕ್ಯಾಮ್‌ಶಾಫ್ಟ್. ಕ್ರ್ಯಾಂಕ್ 2 ಸುತ್ತು ತಿರುಗಿದಾಗ ಇದು 1 ಸುತ್ತು ತಿರುಗುತ್ತದೆ. ಇದರ ಉಬ್ಬು ಅಗಲವಾದಷ್ಟೂ ವಾಲ್ವ್ ಹೆಚ್ಚು ಹೊತ್ತು ತೆರೆದಿರುತ್ತದೆ. ಗಾಳಿಯ ವಾಲ್ವೂ ಹೊಗೆಯ ವಾಲ್ವೂ ಒಟ್ಟಿಗೆ ತೆರೆದಿರುವ ಕಾಲವೂ ಸಾಮಾನ್ಯವಾಗಿ ಬೆಳೆಯುತ್ತದೆ. ಟರ್ಬೊ ಇಲ್ಲದ ಪಂದ್ಯದ ಕಾರಿಗೆ ಇದು ಹಿತ: ಅತಿವೇಗದಲ್ಲಿ ಹೊರಹೋಗುವ ಹೊಗೆಯೇ ಹೊಸ ಗಾಳಿಯನ್ನು ಒಳಕ್ಕೆ ಸೆಳೆಯುತ್ತದೆ. ಟರ್ಬೊ ಇದ್ದಲ್ಲಿ ಹೊಗೆಯು ಟರ್ಬೈನಿನ ಚಕ್ರವನ್ನು ತಿರುಗಿಸಿಯೇ ಹೊರಬೀಳಬೇಕು. ಆದ್ದರಿಂದ ಅದರ ಹಾದಿಯಲ್ಲಿ ಒತ್ತಡ ಕಟ್ಟಿಕೊಳ್ಳುತ್ತದೆ. ಒಳಬರುವ ಗಾಳಿಯ ಒತ್ತಡ ಅದಕ್ಕಿಂತ ಕಡಿಮೆಯಿದ್ದರೆ ಹೊಗೆ ಸಿಲಿಂಡರಿಗೇ ಮರಳುತ್ತದೆ.

ಹೊನ್ನಾವರದ ಗೃಹಸ್ಥರೊಬ್ಬರು ಹಟಹಿಡಿದು ಅಗಲ ಉಬ್ಬಿನ ಕ್ಯಾಮ್ ಹಾಕಿಸಿದರು. ಭಟ್ಕಳದ ಹೆದ್ದಾರಿಯಲ್ಲಿ ಕಾರು ಬಾಣದಂತೆ ಓಡಿತು. ಶಿರಸಿಗೆ ಏರುವ ದೇವಿಮನೆ ಘಟ್ಟದ ತಿರುವುಗಳಲ್ಲಿ, ಎಂಜಿನ್ ನಿಧಾನವಾದೊಡನೆ, ಏದುಸಿರುಬಿಟ್ಟಿತು. ತಂದೆಯವರು ಮೊದಲಿನ ಅಳತೆಯ ಕ್ಯಾಮನ್ನೇ ಹೊಸ ಟ್ಯಾಪೆಟ್‌ಗಳೊಡನೆ ಕೂರಿಸಿಕೊಟ್ಟರು, ಕೂಲಿ ಕೇಳಲಿಲ್ಲ. "ತಿಳಿದೂ ತಡೆಯದಿದ್ದುದು ನನ್ನ ತಪ್ಪು. ಗಾಡಿ ಯಾವ ದಾರಿಯಲ್ಲಿ ಓಡುತ್ತದೆಂದು ಮೊದಲು ಕೇಳಬೇಕು, ಕ್ಯಾಮನ್ನು ಆಮೇಲೆ ಆರಿಸಬೇಕು" ಎಂದರು.

ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಅವರ ಈ ಮಾತು ನನ್ನ ಪಠ್ಯಗಳಲ್ಲಿ ಎಲ್ಲಿಯೂ ಸಿಗಲಿಲ್ಲ.