ಎದೆ ತಟ್ಟಿ ನೋಡುವ ವಿದ್ಯೆ

ಎಣ್ಣೆಯ ಪೀಪಾಯಿ ಎಷ್ಟು ತುಂಬಿದೆ ಎಂಬುದನ್ನು ನಾವು ವ್ಯಾಪಾರಸ್ಥರು ಮುಚ್ಚಳ ತೆಗೆಯದೆ ಹೇಳುತ್ತೇವೆ. ಹೊರಗಿನಿಂದ ತಟ್ಟಿದರೆ ಖಾಲಿ ಭಾಗ ಟೊಣ್ ಎನ್ನುತ್ತದೆ, ತುಂಬಿದ ಭಾಗದ ಸಪ್ಪಳ ಮಂದ. ಡಾಕ್ಟರರು ರೋಗಿಯ ಬೆನ್ನಿನ ಮೇಲೆ ಬೆರಳಿಟ್ಟು ತಟ್ಟುವುದೂ ಇದೇ ಲೆಕ್ಕವೇ. ಗಾಳಿಯಾಡುವ ಪುಪ್ಪುಸದ ಸಪ್ಪಳ ಬೇರೆ, ಸುತ್ತ ನೀರು ಕೂಡಿದಾಗಿನ ಸಪ್ಪಳ ಬೇರೆ. ಈ ಪರೀಕ್ಷೆಯನ್ನು 1761ರಲ್ಲಿ ಪುಸ್ತಕವಾಗಿ ಪ್ರಕಟಿಸಿದವರು ವಿಯೆನ್ನಾದ ವೈದ್ಯ ಔಯೆನ್‌ಬ್ರುಗ್ಗರ್. ತಂದೆಯ ಖಾನಾವಳಿಯಲ್ಲಿ ಮದ್ಯದ ಪೀಪಾಯಿ ತಟ್ಟುವುದನ್ನು ಕಂಡೇ ಅವರಿಗೆ ಇದು ಹೊಳೆಯಿತೆಂದು ಹೇಳುವುದುಂಟು. ಮದ್ಯದ ಮಾತು ಬಂತೆಂದು ಓದುಗರು ಮುಖ ಸಿಂಡರಿಸಬಾರದು.

ಸ್ಟೆತಾಸ್ಕೋಪಿನ ಕಥೆ ನಮ್ಮ ಮನೆಗಳಿಗೆ ಇನ್ನೂ ಹತ್ತಿರದ್ದು. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಅವರ ಬಳಿ ಹೃದಯದ ತೊಂದರೆಯ ತರುಣಿಯೊಬ್ಬಳು ಬಂದಳು. ಎದೆಗೆ ನೇರವಾಗಿ ಕಿವಿ ಹಚ್ಚಲು ಸಂಕೋಚಪಟ್ಟ ವೈದ್ಯರು ಕಾಗದವನ್ನು ಸುರುಳಿ ಸುತ್ತಿ ಕೇಳಿದರು. ಬಡಿತ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು. ಹೆಣ್ಣುಮಕ್ಕಳ ಮರ್ಯಾದೆಗಾಗಿ ಹುಟ್ಟಿದ ಈ ಉಪಕರಣಕ್ಕೂ ನಮ್ಮ ಅವ್ವಂದಿರು "ಸೀರೀ ಮ್ಯಾಲಿಂದನ ನೋಡ್ರಿ" ಎನ್ನುತ್ತಾರೆ. ದಪ್ಪ ಬಟ್ಟೆಯ ಸರಬರ ಸಪ್ಪಳದಲ್ಲಿ ಒಳಗಿನ ಸಣ್ಣ ಸಪ್ಪಳ ಮುಚ್ಚಿಹೋಗುತ್ತದೆ. ಮಗಳೋ ಸೊಸೆಯೋ ಜೊತೆಗೆ ಹೋಗಲಿ, ಪರದೆ ಎಳೆಯಲಿ, ಬೇಕಾದರೆ ಲೇಡಿ ಡಾಕ್ಟರರಲ್ಲಿಗೇ ಹೋಗಲಿ, ಆದರೆ ಪರೀಕ್ಷೆ ಅರ್ಧಕ್ಕೆ ನಿಲ್ಲದಿರಲಿ.

ಒಳಗೆ ಕಾಲಿಟ್ಟೊಡನೆ "ಇಸಿಜಿ ತೆಗೀರಿ" ಎನ್ನುವ ಆತುರವೂ ನಮ್ಮಲ್ಲಿ ಹೆಚ್ಚು. ಇಸಿಜಿ ಬೇಕು ನಿಜ. ಆದರೆ ಅದು ತೋರಿಸುವುದು ಆ ಕೆಲವು ಸೆಕೆಂಡುಗಳ ಹೃದಯವನ್ನು ಮಾತ್ರ. ಕಾಲಿನ ಬಾವು, ಉಬ್ಬಿದ ಕೊರಳ ನರ, ನೀಲಿಗಟ್ಟಿದ ತುಟಿ ಇವನ್ನು ಡಾಕ್ಟರರ ಕಣ್ಣೇ ನೋಡಬೇಕು. ರಾತ್ರಿ ಎರಡು ಮೂರು ದಿಂಬು ಇಲ್ಲದೆ ಮಲಗಲಾಗದು, ಮಲಗಿದರೆ ದಮ್ಮು ಬಂದು ಎದ್ದು ಕೂರಬೇಕು ಎಂಬುದನ್ನು ಮನೆಯವರೇ ಬಾಯಿಬಿಟ್ಟು ಹೇಳಬೇಕು. "ವಯಸ್ಸಾಯ್ತು, ಅದಕ್ಕs ದಮ್ಮು" ಎಂದು ನಾವೇ ತೀರ್ಪು ಕೊಡುವುದು ಬೇಡ.

ಮನೆಯಲ್ಲಿ ಹಿರಿಯರ ಕಣಕಾಲಿನ ಮೇಲೆ ಹೆಬ್ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ನೋಡಿರಿ. ಕುಳಿ ಬಿದ್ದು ಹಾಗೆಯೇ ಉಳಿದರೆ ತೋರಿಸಲೇಬೇಕು. ಹೃದಯದ ರೋಗಿಯ ತೂಕ ಮೂರು ದಿನಗಳಲ್ಲಿ 2 ಕಿಲೋ ಏರಿದರೆ ಅದು ಮೈಯಲ್ಲಿ ನಿಂತ ನೀರಿರಬಹುದು. ಅಂಗಡಿಯಲ್ಲಿ ಕಾಟಾ ಇದ್ದೇ ಇರುತ್ತದೆ, ಜೋಳ ತೂಗುವ ಮೊದಲು ಅಪ್ಪನವರನ್ನು ತೂಗಿರಿ. ಎದೆ ಹಿಂಡಿ ಬೆವರು ಕಿತ್ತುಕೊಂಡರೆ ಮಾತ್ರ ಈ ಲೆಕ್ಕ ಯಾವುದೂ ಬೇಡ. ಗಲ್ಲೆ ಬಿಟ್ಟು ಆಗಲೇ ಆಸ್ಪತ್ರೆಗೆ ಹೊರಡಬೇಕು. ಅಂಗಡಿ ಮುಚ್ಚುವ ತನಕ ಕಾಯುವಂತಿಲ್ಲ.

ಉಸಿರು ಎಣಿಸುವುದು ಎಲ್ಲಕ್ಕಿಂತ ಸುಲಭ. ದೊಡ್ಡವರು ಸುಮ್ಮನೆ ಕುಳಿತಿದ್ದಾಗ ನಿಮಿಷಕ್ಕೆ 12ರಿಂದ 20 ಸಹಜ. ಎಣಿಸುತ್ತಿದ್ದೇವೆಂದು ಮಾತ್ರ ಅವರಿಗೆ ಹೇಳಬಾರದು, ಹೇಳಿದರೆ ಉಸಿರಿನ ಗತಿಯೇ ಬದಲಾಗುತ್ತದೆ.