ಕಡಲಿಗೆ ತೆರೆದ ಕಿಟಕಿ

ಎಳೆಯರ ಮುಂದೆ ಮರಣದ ಮಾತು ಆಡಬಾರದೆಂಬ ಭಾವನೆ ನಮ್ಮವರಲ್ಲಿ ಬಲವಾಗಿದೆ. ನೊಬೆಲ್ ಪಾರಿತೋಷಕ ಪಡೆದ ಪರ್ಲ್ ಬಕ್ ಅವರು ಎಳೆಯರಿಗಾಗಿಯೇ ಬರೆದ, 1948ರಲ್ಲಿ ಪುಸ್ತಕವಾಗಿ ಹೊರಬಂದ ‘ದಿ ಬಿಗ್ ವೇವ್’ ಎಂಬ ಕಥೆಯು ಬೇರೆಯೇ ದಾರಿ ಹಿಡಿದಿದೆ.

ಜಪಾನಿನ ಬೆಸ್ತರ ಹಳ್ಳಿಯೊಂದು ಸುನಾಮಿಯ ಪಾಲಾಗುತ್ತದೆ. ತಂದೆಯು ಬೆಟ್ಟಕ್ಕೆ ಕಳುಹಿಸಿದ್ದರಿಂದ ಮನೆಯವರಲ್ಲಿ ಬಾಲಕ ಜಿಯಾ ಒಬ್ಬನೇ ಉಳಿಯುತ್ತಾನೆ. ಶ್ರೀಮಂತ ವೃದ್ಧನೊಬ್ಬನು ದತ್ತು ತೆಗೆದುಕೊಳ್ಳುವೆನೆಂದರೂ ಅವನು ಗೆಳೆಯ ಕಿನೋನ ಬಡ ರೈತಮನೆಯನ್ನೇ ಆರಿಸಿಕೊಳ್ಳುತ್ತಾನೆ. ಅಲ್ಲಿ ಅವನಿಗೆ ಅತ್ತು ಹಗುರಾಗುವ ಅವಕಾಶ ದೊರೆಯುತ್ತದೆ.

ಆ ಹಳ್ಳಿಯ ಹಳೆಯ ಮನೆಗಳಿಗೆ ಕಡಲ ಕಡೆ ಕಿಟಕಿಗಳಿರಲಿಲ್ಲ. ಪ್ರಾಯಕ್ಕೆ ಬಂದ ಜಿಯಾ ಅದೇ ದಡದಲ್ಲಿ ಮನೆ ಕಟ್ಟಿ, ಕಡಲಿಗೆ ಎದುರಾಗಿಯೇ ಕಿಟಕಿಯಿಡುತ್ತಾನೆ. ಅಲೆಯು ಮತ್ತೆ ಬಂದೀತೆಂಬುದನ್ನು ಅವನು ಬಲ್ಲನು. ಬಂದರೆ ಕಾಣಲೆಂದೇ ಆ ಕಿಟಕಿ. ಭಯವನ್ನು ಎದುರಿಗಿಟ್ಟುಕೊಂಡು ಬಾಳುವ ಈ ಧೈರ್ಯವನ್ನು ನಮ್ಮ ತರುಣರು ಓದಿ ತಿಳಿಯಲಿ, ಹಿರಿಯರೂ ತಿಳಿಯಲಿ.