ಏಕಾಂತದ ಸಾಧನೆಗೆ ಸಮೂಹವೇಕೆ?

ಪ್ರಶ್ನೆ: ಮನೆಯಲ್ಲಿಯೇ ಆಸನಗಳನ್ನು ಅಭ್ಯಸಿಸಬಹುದಾಗಿರಲು, ಜನರು ಯೋಗಶಿಬಿರಗಳಿಗೆ ಹೋಗಿ ಕೃತಾರ್ಥರಾದೆವೆನ್ನುವುದೇಕೆ? (ಓದುಗರೊಬ್ಬರು, ಕಾಡುಗೋಡಿ)

ಉತ್ತರ: ತಮ್ಮ ಸಂದೇಹಕ್ಕೆ ಶಾಸ್ತ್ರದ ಬೆಂಬಲವೂ ಉಂಟು; ಹಠಯೋಗಪ್ರದೀಪಿಕೆಯು ಸಾಧಕನಿಗೆ ಏಕಾಂತದ ಕುಟೀರವನ್ನು ವಿಧಿಸಿ, ಜನಸಂಗವನ್ನು ಯೋಗವಿನಾಶಕವಾದ ಆರು ದೋಷಗಳಲ್ಲಿ ಎಣಿಸಿದೆ. ಆದರೆ ಗ್ರಂಥಕಾರನು ಶಂಕಿಸಿದುದು ಹರಟೆಯ ಸಂಗವನ್ನಲ್ಲದೆ ಸಹಸಾಧಕರ ಸಂಗವನ್ನಲ್ಲವೆಂದೇ ನನ್ನ ಭಾವನೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆದಾಗಲೂ ಅಲ್ಲಿ ಬಾಲಕರು ಕೂಡಿಯೇ ಕಲಿತರಷ್ಟೆ.

ದೂರದೇಶಗಳ ಗಡಿಯಾರಕ್ಕೆ ಬದ್ಧರಾಗಿ ಅರ್ಧರಾತ್ರಿಯವರೆಗೆ ದುಡಿಯುವ ನಿಮ್ಮ ಸೀಮೆಯ ಉದ್ಯೋಗಿಗಳಿಗೆ ಕೊರತೆಯಾಗಿರುವುದು ಆಸನಜ್ಞಾನವಲ್ಲ, ಅದು ಫೋನಿನಲ್ಲಿಯೇ ಧಾರಾಳವಾಗಿ ದೊರೆಯುವುದು, ಕೊರತೆಯಿರುವುದು ದಿನಚರ್ಯೆಯಲ್ಲಿ. ಜಿಗಣಿಯ ಬಳಿಯ ಪ್ರಶಾಂತಿ ಕುಟೀರದಂತಹ ಯೋಗಕೇಂದ್ರಗಳಲ್ಲಿ ಪ್ರಾರ್ಥನೆ, ಆಸನ, ಪ್ರಾಣಾಯಾಮ, ಮಿತಾಹಾರ, ಭಜನೆಗಳೆಲ್ಲವೂ ನಿಯತಕಾಲದಲ್ಲಿ ಸರ್ವರಿಗೂ ಸಮಾನವಾಗಿ ನಡೆಯುವುದರಿಂದ, ಏಳಲೋ ಬೇಡವೋ ಎಂಬ ಪ್ರಾತಃಕಾಲದ ವ್ಯಾಜ್ಯವೇ ಮನಸ್ಸಿಗೆ ಇಲ್ಲವಾಗುತ್ತದೆ. ಅಧಿಕಾರಿಯ ಬೆನ್ನು ಬಾಗದೆ ಪಕ್ಕದ ಗುಮಾಸ್ತೆಯ ಬೆನ್ನು ಲೀಲಾಜಾಲವಾಗಿ ಬಾಗಿದರೆ, ನಗು ಇಬ್ಬರಿಗೂ ಬರುವುದು. ಹುದ್ದೆಯ ಬಿಗುವು ಸಡಿಲುವುದಕ್ಕೆ ಅಷ್ಟು ಸಾಕು.

ಶಿಬಿರದಿಂದ ಮರಳಿದ ವಾರದೊಳಗೆ ಹಳೆಯ ಚಾಳಿ ಮರುಕಳಿಸುವುದೂ ಉಂಟೆನ್ನಿ. ಅದನ್ನರಿತವರು ತಮ್ಮ ವಸತಿಸಮುಚ್ಚಯದಲ್ಲಿಯೇ ನಾಲ್ಕಾರು ಮಂದಿ ಕೂಡಿ ಅಭ್ಯಾಸವನ್ನು ಮುಂದುವರಿಸುವರು.